ತಾಮ್ರದ ಬಿಂದಿಗೆಯ ಕಪ್ಪು

ಪಾತ್ರೆ ಬೆಳಗುವುದು ಶಾಸ್ತ್ರಚರ್ಚೆಗೆ ತಕ್ಕ ವಿಷಯವೆಂದು ವಾಚಕರಲ್ಲಿ ಬಹುಮಂದಿ ಎಣಿಸಲಾರರು. ಆದರೂ ಹೊಳೆನರಸೀಪುರದ ನಮ್ಮ ಮನೆಯಲ್ಲಿ ಇದು ದೊಡ್ಡ ವಾದವಾಗಿ ಬೆಳೆದು, ಅದರ ನಿರ್ಣಯಕ್ಕಾಗಿ ನಾನು ವಿಜ್ಞಾನಿಗಳ ಬರಹಗಳನ್ನು ಓದಿಸಿ ಕೇಳಬೇಕಾಯಿತು. ಕುಡಿಯುವ ನೀರಿನ ತಾಮ್ರದ ಬಿಂದಿಗೆಯೊಳಗೆ ಕವಿಯುವ ಕಪ್ಪನ್ನು ಹುಣಿಸೆಹಣ್ಣು ಹಾಕಿ ತೆಗೆಯಬೇಕೆ, ಬಿಡಬೇಕೆ? ಕಪ್ಪಾದ ಬಿಂದಿಗೆ ಮಡಿಗೆ ಸಲ್ಲದೆಂದು ನಮ್ಮ ಅಕ್ಕನವರ ಪಕ್ಷ. “ಮಾವನವರೇ, ದಿನವೂ ಹೀಗೆ ಉಜ್ಜಿದರೆ ತಾಮ್ರದ ಗುಣವೇ ತೊಳೆದುಹೋಗುವುದಿಲ್ಲವೆ?” ಎಂದು ಸೊಸೆಯ ಆಕ್ಷೇಪ.

ತಾಮ್ರಕ್ಕೆ ಹುಳಿಯೇ ಶೋಧಕವೆಂಬುದು ಸ್ಮೃತಿಗಳ ದ್ರವ್ಯಶುದ್ಧಿಪ್ರಕರಣದಲ್ಲಿ ಪ್ರಸಿದ್ಧವಾದ ವಿಧಿ. ಪಾಠಶಾಲೆಯಲ್ಲಿ ಓದಿದ ನಾನು ಅಕ್ಕನವರ ಕಡೆಗೆ ವಾಲುವುದು ಸಹಜವೇ. ಆದರೆ ವಿಧಿಯನ್ನು ಕೇಳಿದ ಮಾತ್ರಕ್ಕೆ ಸೊಸೆ ಒಪ್ಪುವವಳಲ್ಲ, ಒಪ್ಪಬೇಕಾದುದೂ ಇಲ್ಲ.

ತಾಮ್ರಕ್ಕೆ ಗುಣವುಂಟೆಂಬುದೇ ನಿಜವೋ ಎಂದು ಮೊದಲು ನೋಡಬೇಕು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಆಯುರ್ವೇದ ಅಂಡ್ ಇಂಟಿಗ್ರೇಟಿವ್ ಮೆಡಿಸಿನ್ ಎಂಬ ಸಂಸ್ಥೆಯವರು 2012ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಾಂತಿಭೇದಿ, ಆಮಶಂಕೆ, ವಿಷಮಶೀತಜ್ವರಗಳನ್ನುಂಟುಮಾಡುವ ಬ್ಯಾಕ್ಟೀರಿಯಗಳನ್ನು ಮಿಲಿಲೀಟರಿಗೆ ಸುಮಾರು 500ರಂತೆ ನೀರಿಗೆ ಬೆರಸಿ, ಆ ನೀರನ್ನು ತಾಮ್ರದ ಪಾತ್ರೆಗಳಲ್ಲಿ 16 ಘಂಟೆಗಳ ಕಾಲ ಇಟ್ಟು ಪರೀಕ್ಷಿಸಲಾಗಿ, ಅವುಗಳಲ್ಲೊಂದೂ ಜೀವಸಹಿತ ದೊರೆಯಲಿಲ್ಲ. ನೀರಿಗಿಳಿದ ತಾಮ್ರ ಲೀಟರಿಗೆ 177 ಮೈಕ್ರೋಗ್ರಾಂ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ 2 ಮಿಲಿಗ್ರಾಮಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಘಂಟೆಯ ಲೆಕ್ಕವನ್ನು ಮರೆಯಬಾರದು. ರಾತ್ರಿ 10ಕ್ಕೆ ತುಂಬಿ ಬೆಳಿಗ್ಗೆ 6ಕ್ಕೆ ಕುಡಿದರೆ ಆಗುವುದು 8 ಘಂಟೆಗಳಷ್ಟೆ. ತಾಮ್ರದ ಮಹಿಮೆಯನ್ನು ಕೊಂಡಾಡುವವರು ಇದನ್ನು ಹೇಳುವುದೇ ಅಪರೂಪ.

ಇನ್ನು ಕಪ್ಪಿನ ಮಾತು. ಗಾಳಿಯ ಆಮ್ಲಜನಕವು ಸೋಕಿದರೆ ತಾಮ್ರದ ಮೈಮೇಲೆ ಆಕ್ಸೈಡಿನ ತೆಳ್ಳನೆಯ ಪೊರೆ ಕಟ್ಟುವುದು. ಮೊದಲು ಕಟ್ಟುವುದು ಕೆಂಪಾದ ಕ್ಯೂಪ್ರಸ್ ಆಕ್ಸೈಡ್. ಕಾಲಕ್ರಮದಲ್ಲಿ ಕವಿಯುವುದು ಕಪ್ಪಾದ ಕ್ಯೂಪ್ರಿಕ್ ಆಕ್ಸೈಡ್. ಜರ್ಮನಿಯ ಸಾರ್ಲಾಂಡ್ ವಿಶ್ವವಿದ್ಯಾಲಯದ ಮೈಕೇಲ್ ಹಾನ್ಸ್, ಫ್ರಾಂಕ್ ಮ್ಯೂಕ್ಲಿಷ್ ಮೊದಲಾದವರು 2013ರಲ್ಲಿ ಇವೆರಡರ ಮೇಲೂ ಶುದ್ಧತಾಮ್ರದ ಮೇಲೂ ಬ್ಯಾಕ್ಟೀರಿಯಗಳನ್ನಿಟ್ಟು ನೋಡಿದರು. ಕೆಂಪು ಪೊರೆ ಶುದ್ಧತಾಮ್ರದಷ್ಟೇ ಚುರುಕಾಗಿ ಕೊಂದಿತು. ಕಪ್ಪು ಪೊರೆಯಲ್ಲಿ ಆ ಶಕ್ತಿ ಬಹಳ ಕುಂದಿತ್ತು. ಅದೇ ವರ್ಷದ ಇನ್ನೊಂದು ಪ್ರಯೋಗ ನನಗೆ ಮತ್ತಷ್ಟು ಸ್ವಾರಸ್ಯವಾಗಿ ತೋರಿತು. ತಾಮ್ರದ ಮೇಲೆ ಜೇನುಹುಟ್ಟಿಯಂಥ ಅತಿಸೂಕ್ಷ್ಮ ಜಾಲರಿಯನ್ನು ಹೊದಿಸಿ, ಬ್ಯಾಕ್ಟೀರಿಯಗಳು ಲೋಹವನ್ನು ಮುಟ್ಟದಂತೆ ಮಾಡಿದಾಗ, ಅವುಗಳ ಸಾವು ಬಹಳ ಮಟ್ಟಿಗೆ ತಪ್ಪಿತು. ಘನವಸ್ತುವಿಗೆ ಅಂಟಿ, ಲೋಳೆ ಕಟ್ಟಿ, ಸಂಸಾರ ಹೂಡುವುದು ಈ ಜೀವಿಗಳ ಸ್ವಭಾವ. ತಾಮ್ರದಲ್ಲಿ ಆ ಅಂಟುವಿಕೆಯೇ ಅವಕ್ಕೆ ಮೃತ್ಯು. ಎವರ್‌ಸಿಲ್ವರಿನ ಮೇಲೂ ಕಣ್ಣಿಗೆ ಕಾಣದ ಕ್ರೋಮಿಯಂ ಆಕ್ಸೈಡಿನ ಪೊರೆಯುಂಟು. ಅದು ಪಾತ್ರೆಯನ್ನು ತುಕ್ಕಿನಿಂದ ಕಾಯುವುದೇ ಹೊರತು ಅಂಟಿದ ಅತಿಥಿಗಳ ಗೊಡವೆಗೆ ಹೋಗದು.

ಹುಣಿಸೆಯ ಹುಳಿಯು ಕಪ್ಪನ್ನೂ ಕಿಲುಬನ್ನೂ ಕರಗಿಸಿ ಲೋಹದ ಹೊಸ ಮೈಯನ್ನು ಹೊರತರುವುದಾದ್ದರಿಂದ ಜಯಪತ್ರ ಅಕ್ಕನವರಿಗೇ ಸಲ್ಲಬೇಕು. ಗುಣವಿರುವುದು ಮೇಲ್ಮೈಯಲ್ಲೆಂಬ ಸೊಸೆಯ ಊಹೆಯೂ ಸರಿಯೇ. ಆದರೆ ಮೇಲಿನದು ಹೋದರೆ ಕೆಳಗಿನ ತಾಮ್ರವೇ ಮೇಲ್ಮೈಯಾಗುವುದು. ಮಳೆಗಾಲದ ಹೇಮಾವತಿಯ ರಾಡಿನೀರನ್ನು ಸೋಸದೆ ತುಂಬಿದರೆ ಕೆಸರೂ ಲೋಳೆಯೂ ಒಳಗೋಡೆಗೆ ಹತ್ತಿ, ಆ ಜಾಲರಿಯಂತೆಯೇ ಅಡ್ಡ ನಿಲ್ಲಬಹುದೆಂದು ನನ್ನ ಎಣಿಕೆ. ಕೊಳವೆಬಾವಿಯ ಫ್ಲೋರೈಡಾದರೋ ಜೀವಿಯಲ್ಲ, ಲವಣ. ಎಷ್ಟು ಬೆಳಗಿದ ಬಿಂದಿಗೆಯೂ ಅದಕ್ಕೆ ಮದ್ದಲ್ಲ.

ಅರಕಲಗೂಡಿನ ಬಂಧುಗಳೊಬ್ಬರು ಬಿಂದಿಗೆಯ ಒಳಕ್ಕೂ ಕಲಾಯಿ ಹಾಕಿಸಿ, ಅದರ ಬೆಳ್ಳನೆಯ ಹೊಳಪನ್ನು ನನಗೆ ತೋರಿಸಿ ಸಂತೋಷಪಟ್ಟರು. ಹುಳಿ ಬೇಯಿಸುವ ಪಾತ್ರೆಗೆ ಕಲಾಯಿ ಬೇಕೇ ಬೇಕು. ಇಲ್ಲವಾದರೆ ತಾಮ್ರ ಮಿತಿಮೀರಿ ಕರಗಿ ಹೊಟ್ಟೆ ತೊಳಸುವುದು. ಮಜ್ಜಿಗೆಯನ್ನು ತಾಮ್ರದಲ್ಲಿ ಇಡಬಾರದೆಂಬ ಹಿರಿಯರ ಕಟ್ಟಳೆಗೂ ಅದೇ ಕಾರಣ. ನೀರಿನ ಬಿಂದಿಗೆಗೆ ಮಾತ್ರ ಅದು ಬೇಡವೆಂದು ಅವರಿಗೆ ಹೇಳಿ ಬಂದೆ. ನಮ್ಮ ಮನೆಯಲ್ಲಿ ಈಗ ಎರಡು ಬಿಂದಿಗೆಗಳು ಸರದಿಯ ಮೇಲೆ ನಡೆದಿವೆ. ಮಧ್ಯಾಹ್ನ 2 ಘಂಟೆಗೆ ಬೆಳಗಿ, ಹುಳಿ ಉಳಿಯದಂತೆ ಚೆನ್ನಾಗಿ ತೊಳೆದು ತುಂಬಿದ್ದನ್ನು ಮರುದಿನ ಬೆಳಿಗ್ಗೆ 6ಕ್ಕೆ ಮುಟ್ಟುವುದು. ಘಂಟೆಯ ಲೆಕ್ಕವಿಡುವವಳು ಸೊಸೆ.