ಸ್ವೀಕೃತಿ ಸಂಖ್ಯೆ ಕೇಳದೆ ಕಳೆದ ಕಾಲ

ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಗಳಿಗೆ ಹೊಸ ಯಂತ್ರ ಕೊಡಿ, ಅನುದಾನ ಹೆಚ್ಚಿಸಿ ಎಂದು ನಾನು ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ. ಆ ಬೇಡಿಕೆ ಸರಿಯೆಂದು ಈಗಲೂ ನಂಬಿದ್ದೇನೆ. ಆದರೆ ಅದೊಂದನ್ನೇ ಹಿಡಿದು ಕೂತು, ನನ್ನನ್ನು ನಂಬಿದ ಒಬ್ಬ ಹೆಣ್ಣುಮಗಳಿಗೆ ಅನ್ಯಾಯ ಮಾಡಿದೆ.

ಕಡೂರು, ತರೀಕೆರೆ, ಅಜ್ಜಂಪುರ ನಾನು ವರದಿಗಾರನಾಗಿ ಸುತ್ತಿದ ಸೀಮೆ. ಅಜ್ಜಂಪುರದ ಕಡೆಯ ಹಳ್ಳಿಯೊಂದರಲ್ಲಿ ಈರುಳ್ಳಿ ಬೆಳೆದು ಸಾಲಕ್ಕೆ ಸಿಕ್ಕ ರೈತರೊಬ್ಬರು ಜೀವ ಕಳೆದುಕೊಂಡರು. ಇಂಥ ಕುಟುಂಬಗಳಿಗೆ ನೀಡುವ ಪರಿಹಾರವನ್ನು ರಾಜ್ಯ ಸರ್ಕಾರ 2015ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಿತ್ತು. ಅರ್ಜಿ ಪರಿಶೀಲಿಸುವ ಉಪವಿಭಾಗಾಧಿಕಾರಿಗಳ ಸಮಿತಿಗೆ ಪಹಣಿ, ಸಾಲದ ಕಾಗದ, ಶವಪರೀಕ್ಷೆಯ ವರದಿಯ ಜೊತೆಗೆ ದೇಹದಲ್ಲಿ ವಿಷವಿತ್ತೇ ಎಂದು ಹೇಳುವ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿಯೂ ಬೇಕು. ಅದು ಬಾರದೆ ಕಡತ ನಿಂತಿತು.

“ರಿಪೋರ್ಟು ಬಂತೇನಣ್ಣ?” ಎಂದು ಆ ಮನೆಯ ಹೆಣ್ಣುಮಗಳು ಸಿಕ್ಕಾಗಲೆಲ್ಲ ಕೇಳುತ್ತಿದ್ದರು.

“ಲ್ಯಾಬಲ್ಲಿ ಮಿಷನ್ ಹಳೇದಮ್ಮ, ತಡ ಆಗುತ್ತೆ” ಎನ್ನುತ್ತಿದ್ದೆ. ಅದನ್ನೇ ಸುದ್ದಿಯಾಗಿಯೂ ಬರೆದೆ. ವಿಚಾರಿಸಿ ತಿಳಿದ ಮಾತಾಗಿರಲಿಲ್ಲ ಅದು. ಗೊತ್ತಿದೆ ಅಂದುಕೊಂಡು ಆಡಿದ ಮಾತು.

ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಒಂದು ದಿನ ಕೇಳಿದರು: “ಸಾರ್, ಲ್ಯಾಬಿನ ಸ್ವೀಕೃತಿ ನಂಬರ್ ನೋಡಿದ್ದೀರಾ?” ನೋಡಿರಲಿಲ್ಲ. ಠಾಣೆಯಲ್ಲಿ ಕೇಳಿದಾಗ ವಿಷಯ ಹೊರಬಿತ್ತು. ಪ್ರಯೋಗಾಲಯ ಮಾದರಿಯನ್ನು ಆಕ್ಷೇಪಣೆ ಬರೆದು ಎಂದೋ ಹಿಂದಿರುಗಿಸಿತ್ತು. ಹೊಟ್ಟೆಯ ಭಾಗ, ಯಕೃತ್ತು, ಮೂತ್ರಪಿಂಡದ ತುಣುಕುಗಳನ್ನು ಸಾಮಾನ್ಯವಾಗಿ ಗಟ್ಟಿ ಉಪ್ಪುನೀರಿನಲ್ಲಿಟ್ಟು, ಅರಗಿನ ಮುದ್ರೆ ಹಾಕಿ ಕಳಿಸುತ್ತಾರೆ. ಅದೇ ಉಪ್ಪುನೀರನ್ನು ಬೇರೊಂದು ಬಾಟಲಿಯಲ್ಲೂ ಕಳಿಸಬೇಕು. ವಿಷ ಆ ದ್ರಾವಣದಿಂದಲೇ ಬಂದಿಲ್ಲವೆಂದು ಖಾತ್ರಿಯಾಗಬೇಕಲ್ಲ. ಆ ಬಾಟಲಿ ಇರಲಿಲ್ಲ, ಮುದ್ರೆಯ ಮಾದರಿಯೂ ತಾಳೆಯಾಗಿರಲಿಲ್ಲ. ಯಂತ್ರದ ಹತ್ತಿರಕ್ಕೂ ಹೋಗದ ಜಾಡಿ ಠಾಣೆಯಲ್ಲೇ ಕೂತಿತ್ತು. ಸರಿಪಡಿಸಿ ಕಳಿಸಿದ ಮೇಲೆ ವರದಿ ಬಂತು, ಪರಿಹಾರವೂ ಸಿಕ್ಕಿತು. ಅಷ್ಟರಲ್ಲಿ ಆಕೆ ಹೊಲವನ್ನು ಭೋಗ್ಯಕ್ಕೆ ಹಾಕಿಯಾಗಿತ್ತು.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಅತಿ ಸೂಕ್ಷ್ಮ ಪ್ರಮಾಣದ ಕೀಟನಾಶಕವನ್ನೂ ಗುರುತಿಸುವ ಜಿಸಿ-ಎಂಎಸ್‌ನಂಥ ಉಪಕರಣ ನಮ್ಮ ಕಡೆಯ ಪ್ರಕರಣಗಳಿಗೆ ಬೇಕೇ ಬೇಕು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ವಿಧಿವಿಜ್ಞಾನ ಸೌಕರ್ಯಕ್ಕೆ 2,254.43 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದೇ ವರ್ಷದ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಕೆಲಸ ಇನ್ನೂ ಹೆಚ್ಚಲಿದೆ. ಹಾಗಾಗಿ ಯಂತ್ರದ ಬೆಲೆಯ ಜೊತೆಗೆ ಅನಿಲದ ಸಿಲಿಂಡರು, ಹೋಲಿಕೆಗೆ ಬೇಕಾದ ಶುದ್ಧ ರಾಸಾಯನಿಕ, ವಾರ್ಷಿಕ ನಿರ್ವಹಣೆ, ವರದಿಗೆ ಸಹಿ ಹಾಕಿ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ವಿಜ್ಞಾನಿ, ಜಾಡಿಗೆ ಮುದ್ರೆ ಹಾಕುವ ಸಿಬ್ಬಂದಿಯ ತರಬೇತಿ ಎಲ್ಲವೂ ಅದೇ ಅನುದಾನದ ಲೆಕ್ಕಕ್ಕೆ ಸೇರಬೇಕು.

ತಮಿಳುನಾಡಿನ ಕಟ್ಟವೆಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ, ಮಾದರಿಗಳ ನಿರ್ವಹಣೆಯಲ್ಲಿನ ಲೋಪಗಳನ್ನೂ ಗಮನಿಸಿ, ಮರಣದಂಡನೆಗೆ ಗುರಿಯಾಗಿದ್ದ ವ್ಯಕ್ತಿಯನ್ನು ಬಿಡುಗಡೆ ಮಾಡಿತು. ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆ ಇರಬೇಕು ಎಂದು ಆಗ ನಿರ್ದೇಶಿಸಿತು. ಈ ಶಿಸ್ತು ವಿಷದ ಪ್ರಕರಣಕ್ಕೂ ಬೇಕು.

ವರದಿಗಾಗಿ ಕಾಯುತ್ತಿರುವ ಪ್ರತಿ ಮನೆಯವರಿಗೂ ಈಗ ನಾನು ಹೇಳುವುದಿಷ್ಟು: ಮಾದರಿ ಠಾಣೆಯಿಂದ ಹೊರಟ ದಿನಾಂಕ, ಪ್ರಯೋಗಾಲಯದ ಸ್ವೀಕೃತಿ ಸಂಖ್ಯೆ, ಆಕ್ಷೇಪಣೆ ಇದ್ದರೆ ಅದರ ಪ್ರತಿ, ಇವನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನನ್ನಂಥ ವರದಿಗಾರರು ಅನುದಾನದ ಬಗ್ಗೆ ಬರೆಯುವ ಮೊದಲು ಅವರ ಜೊತೆ ಠಾಣೆಗೆ ಹೋಗಬೇಕು.