ಮುಖವಾಡದೊಳಗಿನ ಮಂಜು

ಕಳೆದ ಅಕ್ಟೋಬರಿನ ಒಂದು ಸಂಜೆ ಶಾಲೆಯಿಂದ ಬಂದ ಮಗ ಬೆನ್ನ ಮೇಲಿನ ಚೀಲವನ್ನೂ ಇಳಿಸದೆ, "ಅಮ್ಮಾ, ನನ್ನ ಫ್ರೆಂಡ್ ಬರ್ತ್‌ಡೇಗೆ ಏರ್‌ಸಾಫ್ಟ್ ಆಡೋಕೆ ಕರೆದಿದಾನೆ, ಹೋಗ್ಲಾ?" ಎಂದ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಅದೂ ಒಂದು ಚೆಂಡಾಟ ಇರಬೇಕೆಂದುಕೊಂಡು "ಹೋಗು" ಅಂದುಬಿಟ್ಟೆ. ರಾತ್ರಿ ಊಟದ ಹೊತ್ತಿಗೆ ಆ ಹುಡುಗನ ತಾಯಿ ಕಳಿಸಿದ ಒಪ್ಪಿಗೆ ಪತ್ರ ಮೊಬೈಲಿಗೆ ಬಂತು. ಎರಡನೆಯ ಸಾಲಿನಲ್ಲೇ ಕಣ್ಣಿನ ರಕ್ಷಣೆಯ ಮಾತು. ತುತ್ತು ಕೈಯಲ್ಲೇ ಉಳಿಯಿತು.

ನಾವಿರುವುದು ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ. ಇಲ್ಲಿನ ಹುಡುಗರಿಗೆ ಏರ್‌ಸಾಫ್ಟ್ ಹೊಸತಲ್ಲ. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಆಟವಂತೆ. ಅಲ್ಲಿ ಸಾಮಾನ್ಯರು ನಿಜವಾದ ಪಿಸ್ತೂಲು ಇಟ್ಟುಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯವಾದ್ದರಿಂದ ಗಾಳಿಯ ಒತ್ತಡದಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ಬಂದೂಕು ಮಾಡಿಕೊಂಡರು. ಗುಂಡು ಅಂದರೆ 6 ಮಿಲಿಮೀಟರಿನದು, ತೊಗರಿಕಾಳಿನಷ್ಟು. ಗ್ರಾಮಿಗೆ ಐದು ತೂಗುತ್ತವೆ. ಕಾಡಿನಂಥ ಜಾಗದಲ್ಲಿ ಎರಡು ತಂಡಗಳಾಗಿ ಅಡಗುತ್ತಾರೆ, ಓಡುತ್ತಾರೆ, ಹೊಡೆಯುತ್ತಾರೆ. ಏಟು ತಗಲಿದ್ದಕ್ಕೆ ಬಣ್ಣದ ಗುರುತೂ ಉಳಿಯುವುದಿಲ್ಲ. ತಗಲಿದವನೇ "ಹಿಟ್" ಎಂದು ಕೂಗಿ, ಕೈಯೆತ್ತಿ ಹೊರಗೆ ಹೋಗಬೇಕು. ಪ್ರಾಮಾಣಿಕತೆಯ ಮೇಲೆ ನಿಂತ ಆಟ ಎಂದು ಕೇಳಿ ನನಗೆ ಸ್ವಲ್ಪ ಗೌರವವೂ ಬಂತೆನ್ನಿ.

ಆದರೆ ಆ ತೊಗರಿಕಾಳು ಸೆಕೆಂಡಿಗೆ 100 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಮೈಗೆ ಬಿದ್ದರೆ ಇರುವೆ ಕಚ್ಚಿದ ಹಾಗೆ ಒಂದು ಕೆಂಪು ಗುರುತು, ಅಷ್ಟೆ. ಕಣ್ಣಿಗಾದರೆ? ರೆಪ್ಪೆ ಮುಚ್ಚಿಕೊಳ್ಳಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಕಾಳು ಸುಮಾರು ಹತ್ತು ಮೀಟರ್ ದಾಟಿರುತ್ತದೆ.

"ಬೇಡ," ಅಂದೆ. "ಹೋಗು ಅಂದ್ಯಲ್ಲ!" ಅಂದ. ಹದಿಮೂರು ವರ್ಷದ ಹುಡುಗನಿಗೆ ಅಳು ಬರಬಾರದೆಂಬ ಹಟ, ಆದರೂ ಬಂತು. ಇವರು ತಟ್ಟೆ ನೋಡುತ್ತಾ ಸುಮ್ಮನೆ ಕೂತರು.

ನನ್ನ ಭಯಕ್ಕೆ ಒಂದು ಮುಖವಿದೆ. ಅದು ನನ್ನ ಅಣ್ಣನದು.

ತಿಪಟೂರಿನ ಹತ್ತಿರದ ನಮ್ಮೂರಿನಲ್ಲಿ ಬೇಸಿಗೆ ರಜೆ ಅಂದರೆ ಚಿನ್ನಿದಾಂಡು. ಆಗ ನನಗೆ ಎಂಟು ವರ್ಷ, ಅಣ್ಣನಿಗೆ ಹನ್ನೆರಡು. ಅವನ ಕೈಯಲ್ಲಿ ದಾಂಡಿರಲಿಲ್ಲ. ದೂರ ನಿಂತು ಹಾರಿ ಬರುವ ಚಿನ್ನಿಯನ್ನು ಹಿಡಿಯುವ ಸರದಿ ಅವನದು. ಎರಡೂ ತುದಿ ಚೂಪು ಮಾಡಿದ ಗೇಣುದ್ದದ ಕೋಲು ಗಿರ್ರನೆ ತಿರುಗುತ್ತಾ ಬಂದು ಎಡಗಣ್ಣಿಗೆ ಬಡಿಯಿತು. ಅವನು ಕೂಗಲಿಲ್ಲ, ಕಣ್ಣು ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತ. ಪಕ್ಕದ ಮನೆಯ ಬಾಣಂತಿಯ ಎದೆಹಾಲು ತಂದು ಹಾಕಿದರು. ಮಾರನೆಯ ದಿನ ಅಪ್ಪ ಬೆಂಗಳೂರಿಗೆ ಕರೆದೊಯ್ದರು.

ಕಣ್ಣೇನೂ ಒಡೆದಿರಲಿಲ್ಲ. ಕರಿಗುಡ್ಡೆಯ ಮುಂದೆ ರಕ್ತ ಇಳಿದು ತಳದಲ್ಲಿ ಕೆಂಪಗೆ ನಿಂತಿತ್ತು. ತಾನಾಗೇ ಇಂಗುತ್ತದೆ, ಆದರೆ ತಲೆ ಎತ್ತರಕ್ಕಿಟ್ಟುಕೊಂಡು ಅಲುಗಾಡದೆ ಮಲಗಿರಬೇಕು, ಒಂದು ವಾರ ಓಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಚಿಕ್ಕಪ್ಪನ ಮನೆಯಲ್ಲಿ ಎರಡು ದಿನ ಮಲಗಿದ್ದ. ಮೂರನೆಯ ದಿನ ನೋವೂ ಇಲ್ಲ, ಕೆಂಪೂ ಕಡಿಮೆಯಾಗಿತ್ತು. ಮಹಡಿಯ ಮೇಲೆ ಹುಡುಗರು ಗಾಳಿಪಟ ಬಿಡುತ್ತಿದ್ದರು. ಒಂದೇ ಒಂದು ಸಲ ನೋಡಿ ಬರುತ್ತೇನೆಂದು ಮೆಟ್ಟಿಲು ಹತ್ತಿ ಓಡಿದ. ಸಂಜೆಗೆ ಕಣ್ಣೊಳಗೆ ಮತ್ತೆ ರಕ್ತ ಬಂತು, ಈ ಸಲ ತುಂಬಾ. ಒಳಗಿನ ಒತ್ತಡ ಏರಿ ನರ ಸತ್ತುಹೋಯಿತು. ಆ ಕಣ್ಣಿಗೆ ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ. ಆವತ್ತು ಚಿನ್ನಿ ಹೊಡೆದವನು ಯಾರೆಂದು ಅಣ್ಣ ಇವತ್ತಿಗೂ ಮನೆಯಲ್ಲಿ ಹೇಳಿಲ್ಲ.

ಅವನಿಂದಲೇ ಬೇಡವೆನ್ನಿಸಿಬಿಟ್ಟರೆ ಮಗ ಸುಮ್ಮನಾಗುತ್ತಾನೆಂದು ಭಾನುವಾರ ವಿಡಿಯೊ ಕರೆ ಮಾಡಿದೆ. ಅಣ್ಣ ತೋಟದಲ್ಲಿದ್ದ. ಮೂಗಿನ ಮೇಲೆ ಎಂದಿನಂತೆ ದಪ್ಪ ಕನ್ನಡಕ. ಅದಕ್ಕೆ ಪವರೇ ಇಲ್ಲ. ಪಾಲಿಕಾರ್ಬೊನೇಟ್ ಎಂಬ, ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್ಕಿನದು. ಒಂದೇ ಕಣ್ಣಿರುವವರು ಸದಾ ಹಾಕಿಕೊಂಡಿರಬೇಕೆಂದು ಡಾಕ್ಟರು ಹೇಳಿದ ಮೇಲೆ, ಮಲಗುವಾಗ ಬಿಟ್ಟರೆ ತೆಗೆದದ್ದೇ ಇಲ್ಲ. "ಒಂದೇ ಉಳಿದಿರೋದಲ್ವೇ, ಕಾವಲು ಬೇಕು" ಅನ್ನುತ್ತಾನೆ.

ನಾನು ಹೇಳಿದ್ದನ್ನೆಲ್ಲ ಕೇಳಿ ಅವನು ಬೇಡ ಅನ್ನಲೇ ಇಲ್ಲ. "ಮುಖಕ್ಕೆ ಏನು ಹಾಕ್ಕೊಳ್ತೀಯೋ?" ಎಂದು ಮಗನನ್ನೇ ಕೇಳಿದ. ಇವನು ಉತ್ಸಾಹದಿಂದ ಅಂತರ್ಜಾಲದಲ್ಲಿ ಕಂಡ ಗಾಗಲ್‌ಗಳನ್ನೆಲ್ಲ ವರ್ಣಿಸಿದ. ಅಣ್ಣ ತಾಳ್ಮೆಯಿಂದ ಕೇಳಿ, "ಓಡಿದಾಗ ಮಂಜು ಕಟ್ಟಲ್ವಾ?" ಅಂದ.

ನಮ್ಮಿಬ್ಬರಿಗೂ ಉತ್ತರ ಗೊತ್ತಿರಲಿಲ್ಲ.

"ನಮ್ಮಲ್ಲಿ ತೋಟಕ್ಕೆ ಔಷಧಿ ಹೊಡೆಯೋ ಹುಡುಗ್ರಿಗೆ ಒಳ್ಳೇದೇ ತಂದ್ಕೊಟ್ಟಿದೀನಿ. ಹತ್ತು ನಿಮಿಷಕ್ಕೆ ಒಳಗೆಲ್ಲ ಹಬೆ. ಮೇಲಕ್ಕೆತ್ತಿ ಹಣೆ ಮೇಲೆ ಇಟ್ಕೋತಾರೆ. ಹಣೆ ಮೇಲಿದ್ದು ಏನು ಕಾಯುತ್ತೆ? ಗಟ್ಟಿ ಐತಾ ಅಂತ ನೋಡಿದ ಹಾಗೇ ತೆಗೀದೆ ಇರೋಕಾಗುತ್ತಾ ಅಂತಲೂ ನೋಡ್ಕೊ. ಆಗುತ್ತೆ ಅಂದ್ರೆ ಹೋಗು."

ಹೀಗೆ ನನ್ನ ಪರ ವಾದಿಸಲು ಕರೆದ ವಕೀಲ ಎದುರು ಪಕ್ಷಕ್ಕೆ ಷರತ್ತಿನ ಜಾಮೀನು ಕೊಡಿಸಿಬಿಟ್ಟ.

ಮಗನ ಆಯ್ಕೆ ಅಷ್ಟರಲ್ಲೇ ನಡೆದುಹೋಗಿತ್ತು. ಒಂಬತ್ತು ಪೌಂಡಿಗೆ ಸಿಕ್ಕಿದ ಕಪ್ಪು ಗಾಗಲ್, ಪೆಟ್ಟಿಗೆಯ ಮೇಲೆ ಸೈನಿಕನ ಚಿತ್ರ. ಹುಟ್ಟುಹಬ್ಬಕ್ಕೆ ಒಂದು ವಾರ ಮುಂಚೆ, ಶನಿವಾರ, ಅದನ್ನು ಹಿಡಿದುಕೊಂಡು ಮೈದಾನ ನೋಡಲು ಹೋದೆವು. ಓಕ್ ಮತ್ತು ಪೈನ್ ಮರಗಳ ಒದ್ದೆ ಕಾಡು. ಬಾಗಿಲಲ್ಲೇ ಕ್ರೊನೊಗ್ರಾಫ್ ಎಂಬ ಪುಟ್ಟ ಯಂತ್ರವಿಟ್ಟು ಪ್ರತಿಯೊಂದು ಬಂದೂಕಿನ ವೇಗ ಅಳೆಯುತ್ತಿದ್ದರು. ಮಿತಿ ಮೀರಿದ್ದು ಒಳಗೆ ಹೋಗುವಂತಿಲ್ಲ. ಆಟ ನೋಡಿಕೊಳ್ಳುವವರನ್ನು ಮಾರ್ಷಲ್ ಅನ್ನುತ್ತಾರೆ. ನಮಗೆ ಸಿಕ್ಕವರು ಅರವತ್ತು ದಾಟಿದ, ಬಿಳಿ ಗಡ್ಡದ, ಮಾತು ಕಡಿಮೆಯ ಮನುಷ್ಯ.

ಅವರು ಗಾಗಲನ್ನು ತಿರುಗಿಸಿ ತಿರುಗಿಸಿ ನೋಡಿ, "ಗುರುತೇ ಇಲ್ಲವಲ್ಲ" ಅಂದರು. ಯುರೋಪಿನಲ್ಲಿ ಇಎನ್ 166 ಎಂಬ ಮಾನದಂಡವಿತ್ತು. ಪಾಸಾದ ಗಾಜಿನ ಮೇಲೆ ಸಣ್ಣ ಅಕ್ಷರ ಕೊರೆದಿರುತ್ತಿದ್ದರು. 'ಎಫ್' ಇದ್ದರೆ 6 ಮಿಲಿಮೀಟರಿನ ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದರೂ ತಡೆದುಕೊಂಡಿದೆ ಎಂದರ್ಥ. 'ಬಿ' ಇದ್ದರೆ 120 ಮೀಟರ್. ಉಕ್ಕಿನ ಆ ಗುಂಡು ಆಟದ ಪ್ಲಾಸ್ಟಿಕ್ ಗುಂಡಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ ಎಂದಮೇಲೆ ಏಟಿನ ಬಲ ಊಹಿಸಿಕೊಳ್ಳಿ. ನಮ್ಮದರಲ್ಲಿ ಸೈನಿಕನ ಚಿತ್ರ ಬಿಟ್ಟರೆ ಏನೂ ಇರಲಿಲ್ಲ.

"ನಿಮ್ಮ ಒಪ್ಪಿಗೆ ಇದ್ದರೆ..." ಎಂದವರೇ ಗುರಿಕಟ್ಟೆಯ ಕಂಬಕ್ಕೆ ಅದನ್ನು ಸಿಕ್ಕಿಸಿ, ನಮಗೆ ಬೇರೆ ಕನ್ನಡಕ ಕೊಟ್ಟು ಹಿಂದೆ ನಿಲ್ಲಿಸಿ, ಹೊಡೆದರು. ಮೊದಲನೆಯದಕ್ಕೆ ಒಂದು ಬಿಳಿ ಚುಕ್ಕೆ. ಎರಡನೆಯದಕ್ಕೆ ಇನ್ನೊಂದು. ಮೂರನೆಯದಕ್ಕೆ ಬಲಗಣ್ಣಿನ ಜಾಗದಲ್ಲಿ ಬಿರುಕು ಬಿಟ್ಟು ಉಗುರಿನಷ್ಟು ಚೂರೊಂದು ಒಳಗಡೆಗೆ ಕಳಚಿಬಿತ್ತು. ಮಗ ಬಾಯಿ ತೆರೆಯಲಿಲ್ಲ. ಚೂರನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಹಾಗಾದರೆ ಜಾಲರಿಯದು ತಗೊಳ್ಳಲಾ? ಅದು ಮಂಜೇ ಕಟ್ಟಲ್ಲ," ಎಂದು ಆಮೇಲೆ ಕೇಳಿದ. ಉಕ್ಕಿನ ತಂತಿಬಲೆಯ ಗಾಗಲ್‌ಗಳೂ ಇವೆ, ಗಾಳಿಯಾಡುತ್ತದೆ. ಮಾರ್ಷಲ್ ತಲೆಯಾಡಿಸಿದರು. ಗುಂಡು ಬಲೆಗೆ ಬಡಿದು ಪುಡಿಯಾದರೆ ಪುಡಿ ಒಳಗೆ ಬರುತ್ತದೆ. ಮೂಗು ಬಾಯಿಗೆ ಬಲೆ ಸಾಕು, ಕಣ್ಣಿಗೆ ಸಾಲದು ಅಂದರು. ಇವನ ಹಲ್ಲಿಗೆ ತಂತಿ ಕಟ್ಟಿಸಿದ್ದೇವೆ. ಅದನ್ನು ನೋಡಿ, "ಹುಡುಗರು ಕಣ್ಣಿನ ವಿಷಯ ಹೇಳಿದರೆ ಕೇಳುತ್ತಾರೆ, ಮುಂದಿನ ಹಲ್ಲನ್ನು ಮರೆಯುತ್ತಾರೆ" ಎಂದು ನಕ್ಕರು. ಆ ಮೈದಾನದಲ್ಲಿ 18 ವರ್ಷಕ್ಕಿಂತ ಚಿಕ್ಕವರಿಗೆ ಇಡೀ ಮುಖ ಮುಚ್ಚುವ ಕವಚ ಕಡ್ಡಾಯ. ಇವನಿಗೆ ಓದುವ ಕನ್ನಡಕ ಬೇರೆ ಇದೆ. ಅದು ರಕ್ಷಣೆಯಲ್ಲ, ಒಡೆದರೆ ಅದೇ ಅಪಾಯ. ಅದರ ಮೇಲೆ ಕೂರುವಷ್ಟು ಆಳವಾದ ಕವಚವೇ ಬೇಕು.

ಆಟ ನೋಡಬೇಕೆಂದರೆ ನಾನೂ ಹಾಕಿಕೊಳ್ಳಬೇಕಿತ್ತು. ಬಾಡಿಗೆಯ ಕವಚವೊಂದನ್ನು ಬಿಗಿದುಕೊಂಡು ಹಗ್ಗದಾಚೆ ಕಾಲಿಟ್ಟೆ. ಬೆವರು ಮತ್ತು ರಬ್ಬರಿನ ವಾಸನೆ. ನನ್ನ ಉಸಿರು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಕೆಸರಿನ ಏರಿನಲ್ಲಿ ಐವತ್ತು ಹೆಜ್ಜೆ ಹತ್ತಿರಬಹುದು, ಗಾಜಿನ ಕೆಳಗಿನಿಂದ ಬಿಳಿ ಮಂಜು ಮೇಲೇರಿತು. ಮರಗಳು ಹೋದವು, ಮುಂದೆ ನಡೆಯುತ್ತಿದ್ದ ಮಗನೂ ಹೋದ. ಎಲ್ಲೋ ಪಟಪಟ ಸದ್ದು. ಮಗ ಎಲ್ಲಿ? ಒಂದು ಕ್ಷಣ ನೋಡಿಬಿಡೋಣ ಅನ್ನಿಸಿತು. ಅನ್ನಿಸಿತು ಎನ್ನುವುದೂ ಸುಳ್ಳು. ಯೋಚನೆ ಬರುವ ಮೊದಲೇ ನನ್ನ ಹೆಬ್ಬೆರಳು ಗದ್ದದ ಅಡಿಗೆ ಹೋಗಿ ಕವಚವನ್ನು ಮೇಲೆತ್ತುತ್ತಿತ್ತು.

ಕಿವಿಗಡಚಿಕ್ಕುವ ಸೀಟಿ. ಜೊತೆಗೇ ಯಾವುದೋ ಕೈ ನನ್ನ ಕೈಯನ್ನು ಒತ್ತಿ ಹಿಡಿಯಿತು. "ಅಮ್ಮಾ, ತೆಗೀಬೇಡ! ಕಣ್ಣು ಮುಚ್ಕೋ!" ಮಗನ ದನಿ. ನನ್ನ ಮುಖವನ್ನು ತನ್ನ ಎದೆಗೆ ಒತ್ತಿಕೊಂಡು ನಿಂತುಬಿಟ್ಟ. ಅವನು ನನಗಿಂತ ಎತ್ತರವಾಗಿರುವುದು ನನಗೆ ತಿಳಿದದ್ದು ಆಗಲೇ.

ಮಾರ್ಷಲ್ ಬಂದು ಇಬ್ಬರ ಭುಜ ಹಿಡಿದು ಹೊರಗೆ ನಡೆಸಿದರು. ಬೈಯಲಿಲ್ಲ. ಕಾಣದಿದ್ದರೆ ಕೈಯೆತ್ತಿ ಕೂಗಿ, ನಾವೇ ಬಂದು ಕರೆದೊಯ್ಯುತ್ತೇವೆ, ಹಗ್ಗ ದಾಟುವವರೆಗೆ ಮಾತ್ರ ತೆಗೆಯಬೇಡಿ ಎಂದರು. ಅಕಸ್ಮಾತ್ ಕಳಚಿಬಿದ್ದರೆ ಎರಡೂ ಕೈಯಿಂದ ಮುಖ ಮುಚ್ಚಿ ನೆಲಕ್ಕೆ ಬೋರಲು ಮಲಗುವುದು, ಕಂಡವರೆಲ್ಲ ಕೂಗಿ ಆಟ ನಿಲ್ಲಿಸುವುದು. ನನ್ನ ಕಾಲು ಇನ್ನೂ ನಡುಗುತ್ತಿತ್ತು. ಮೂವತ್ತೈದು ವರ್ಷ ಅಣ್ಣನ ಕಣ್ಣನ್ನು ನೋಡಿಕೊಂಡು ಬಂದವಳು ನಾನು. ಗಾಳಿಪಟ ನೋಡಲು ಓಡಿದ್ದಕ್ಕೆ ಅವನನ್ನು ಮನಸ್ಸಿನಲ್ಲೇ ಎಷ್ಟು ಸಲ ಬೈದುಕೊಂಡಿದ್ದೆನೋ.

ಮಂಜಿಗೆ ಮದ್ದೂ ಅವರೇ ಹೇಳಿದರು. ಇಲ್ಲಿನ ಮನೆಗಳ ಕಿಟಕಿಗೆ ಎರಡು ಗಾಜು, ನಡುವೆ ಗಾಳಿ. ಹಾಗಾಗಿ ಒಳಗಿನ ಗಾಜು ತಣ್ಣಗಾಗದೆ ಹಬೆ ಅಷ್ಟಾಗಿ ಕಟ್ಟುವುದಿಲ್ಲ. ಅದೇ ಉಪಾಯದ ಜೋಡಿ ಗಾಜಿನ ಕವಚಗಳಿವೆ. ಒಳಗಿನ ಲೇಪವನ್ನು ಮಾತ್ರ ಬಟ್ಟೆಯಿಂದ ಉಜ್ಜಬಾರದು. ಇವನ ಓದುವ ಕನ್ನಡಕಕ್ಕೆ ಪಾತ್ರೆ ತೊಳೆಯುವ ದ್ರವ ಒಂದು ಹನಿ ಸವರಿ ಒರೆಸಿದರೆ ಸ್ವಲ್ಪ ಹೊತ್ತು ನಡೆಯುತ್ತದೆ. ಬಾಯಿಯ ಕವಚ ಮೂಗಿಗೆ ಅಂಟಿಕೊಂಡು ಉಸಿರನ್ನು ಮೇಲಕ್ಕೆ ತಳ್ಳದಂತೆ ಕೆಳಗೆ ಸರಿಸಬೇಕು. ಎಲ್ಲ ಹೊಂದಿಸಿಕೊಂಡು, 'ಬಿ' ಗುರುತು ಕೊರೆದ ಜೋಡಿ ಗಾಜಿನ ಕವಚವನ್ನು ತಂದೆವು. ಎಷ್ಟು ಕೊಟ್ಟೆವೆಂದು ಇವರಿಗೆ ಇನ್ನೂ ಸರಿಯಾಗಿ ಹೇಳಿಲ್ಲ. ಆ ವಾರವೆಲ್ಲ ಮಗ ಅದನ್ನು ಹಾಕಿಕೊಂಡೇ ಮೆಟ್ಟಿಲು ಹತ್ತಿ ಇಳಿದ. ಒಂದು ಸಂಜೆ ಅದರಲ್ಲೇ ಲೆಕ್ಕ ಮಾಡುತ್ತಾ ಕೂತಿದ್ದ.

ಹುಟ್ಟುಹಬ್ಬದ ದಿನ ನಾನು ಹಗ್ಗದ ಈಚೆಯೇ, ಬಿಸಿ ಚಹಾದ ಲೋಟ ಹಿಡಿದು ನಿಂತಿದ್ದೆ. ಎರಡು ಸಲ ಕೈಯೆತ್ತಿ, ಮಾರ್ಷಲ್ ಜೊತೆ ಕುರುಡನಂತೆ ನಡೆದುಬಂದ. ಹಗ್ಗ ದಾಟಿ ಕವಚ ತೆಗೆದು, ಒಣಗಿಸಿಕೊಂಡು ಮತ್ತೆ ಓಡಿದ. ಜೊತೆಯ ಹುಡುಗನೊಬ್ಬ ಏನೋ ಅಂದು ನಕ್ಕ. ಇವನು ಜೇಬಿನಿಂದ ಆ ಒಡೆದ ಚೂರನ್ನು ತೆಗೆದು ಅವನ ಅಂಗೈ ಮೇಲಿಟ್ಟ.

ರಾತ್ರಿ ಅಣ್ಣನಿಗೆ ಕರೆ. ಊರಿನಲ್ಲಿ ನಡುರಾತ್ರಿ ಕಳೆದಿತ್ತು, ಆದರೂ ಎಚ್ಚರವಾಗೇ ಇದ್ದ. ಮಗ ಕವಚವನ್ನು ಕ್ಯಾಮೆರಾ ಮುಂದೆ ಹಿಡಿದು, "ಮಾವ, ನೋಡಿ, ಎರಡು ಏಟು ಬಿದ್ದಿದೆ, ಬಾಯಿ ಹತ್ರ" ಅಂದ.

"ಇನ್ನೂ ಹತ್ರ ಹಿಡಿ."

ಅಣ್ಣ ಬಲಗಣ್ಣು ಎದುರಾಗುವಂತೆ ಕತ್ತನ್ನು ಎಡಕ್ಕೆ ತಿರುಗಿಸಿ, ಪರದೆಗೆ ಮುಖ ತಾಗುವಷ್ಟು ಬಾಗಿ ಬಹಳ ಹೊತ್ತು ನೋಡಿದ.

"ಮೂರು ಬಿದ್ದೈತಲ್ಲೋ," ಅಂದ. "ಗಾಜಿನ ಮೇಲೂ ಒಂದೈತೆ. ಎಡಗಡೆ."