ಕಟ್ಟು ಹಾಕದ ಚಿತ್ರಗಳು

ಮುಂಬಯಿಯ ನಮ್ಮ ಬಿಡಾರಕ್ಕೆ ಬಂದವರು ಕೇಳುವುದುಂಟು: “ಅಜ್ಜನವರ ಚಿತ್ರಗಳಿಗೆ ಕಟ್ಟು ಹಾಕಿಸಬಾರದೇನ್ರೀ?” ಗುಮಾಸ್ತರ ಸಂಬಳ ಅಡ್ಡಿಯೆಂದು ಅವರ ಊಹೆ, ಪೂರಾ ಸುಳ್ಳೇನಲ್ಲವೆನ್ನಿ! ಆದರೆ ಅಜ್ಜನವರು ಧಾರವಾಡದ ಸಾಧನಕೇರಿಯನ್ನೂ ಮನೆಯ ಎಮ್ಮೆಯನ್ನೂ ಬರೆದದ್ದು ಹಳೆಯ ಲೆಕ್ಕದ ಹಾಳೆಗಳ ಬೆನ್ನಿಗೆ. ಅವನ್ನು ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಿಂದ ತೂಗಿಬಿಟ್ಟಿದ್ದೇವೆ. ಮಕ್ಕಳು ಹಾಳೆ ಹೊರಳಿಸಿ, ‘ಜೋಳ 2 ಸೇರು’ ಎಂಬ ಮುತ್ತಜ್ಜನ ಕೈಬರಹವನ್ನು ಅಕ್ಷರ ಕೂಡಿಸಿ ಓದುತ್ತಾರೆ. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಮನೆಯಲ್ಲಿ ಸಿಗುವ ಕನ್ನಡದ ಪಾಠ ಅದೇ. ಗಾಜು ಕೂಡಿಸಿದರೆ ಆ ಬೆನ್ನು ಗೋಡೆಯ ಪಾಲು.

ಜೂನಿನ ಮಳೆಗೆ ಮುನ್ನ ಇಳಿಸಿ, ನಡುನಡುವೆ ಬಿಳಿಯ ಕಾಗದವಿಟ್ಟು ಟ್ರಂಕಿಗೆ ಸೇರಿಸುತ್ತೇವೆ. ಇಲ್ಲಿಯ ತೇವಕ್ಕೆ ಗಾಜಿನಡಿಯೂ ಬೂಷ್ಟು ಹಿಡಿಯುತ್ತದೆ. ಕಾಗದ ಗಾಜಿಗೇ ಅಂಟಿಕೊಳ್ಳುವುದೂ ಉಂಟು. ದೀಪಾವಳಿಗೆ ಮತ್ತೆ ಹಗ್ಗ.

ಬಣ್ಣ ಮಾಸುತ್ತಿರುವುದು ನಿಜ. ಕೆರೆಯ ನೀಲಿ ವರ್ಷ ವರ್ಷಕ್ಕೆ ತೆಳುವಾಗುತ್ತಿದೆ. ಹೀಗಾಗಿ ಈ ಸಲ ಹಗ್ಗವನ್ನು ಬಿಸಿಲು ಬೀಳದ ಒಳಗೋಡೆಗೆ ಕಟ್ಟಿದ್ದೇವೆ.